ಸರ್ವಜ್ಞನ ಎದುರು ಒಂದು ಬಯಲಾಟ

ಚೆನ್ನೈ ಮಹಾನಗರದ ಐನಾವರಂನಲ್ಲಿರುವ ಜೀವಾ ಉದ್ಯಾನದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡದ್ದು 2009ರ ಆಗಸ್ಟ್ 13ರಂದು. ಅದಕ್ಕೆ ನಾಲ್ಕು ದಿನ ಮೊದಲು, ಬೆಂಗಳೂರಿನ ಹಲಸೂರು ಕೆರೆಯ ಬಳಿ 1991ರಿಂದ ಮುಸುಕು ಹೊದ್ದು ನಿಂತಿದ್ದ ತಿರುವಳ್ಳುವರ್ ಪ್ರತಿಮೆಗೆ ಬಿಡುಗಡೆ ದೊರೆತಿತ್ತು. ಹದಿನೆಂಟು ವರ್ಷಗಳ ಕಾಲ ಎರಡು ರಾಜ್ಯಗಳ ಮನಸ್ಸನ್ನು ಕದಡಿದ್ದ ಒಂದು ಪ್ರಶ್ನೆ ಹೀಗೆ ಎರಡು ಸಮಾರಂಭಗಳಲ್ಲಿ ಮುಗಿಯಿತು. ಆದರೆ ಪ್ರತಿಮೆಗಳ ವಿನಿಮಯವೇ ಹೃದಯಗಳ ವಿನಿಮಯವಾಗಲಾರದು. ಕಂಚಿಗೂ ಕಲ್ಲಿಗೂ ಮಾಲೆ ಹಾಕಿ ಹಿಂತಿರುಗುವುದು ಸುಲಭ. ಮನೆಮನೆಗೆ ಅಲೆದು ಬೀದಿಯ ಜನರೊಡನೆ ಮಾತನಾಡಿದನೆಂದು ನಾವು ನಂಬಿರುವ ಆ ಕವಿ ಇಂದು ಒಂದು ಸಾರ್ವಜನಿಕ ಉದ್ಯಾನದಲ್ಲಿ ನಿಂತಿದ್ದಾನೆ ಎಂಬುದರ ಅರ್ಥವನ್ನು ಯೋಚಿಸುವುದು ಅಷ್ಟು ಸುಲಭವಲ್ಲ.

ನನ್ನ ಸಲಹೆ ಸರಳವಾದದ್ದು. ಪ್ರತಿವರ್ಷ ಫೆಬ್ರವರಿ 20ರ ಸರ್ವಜ್ಞ ಜಯಂತಿಯ ಆಸುಪಾಸಿನಲ್ಲಿ, ಆ ಉದ್ಯಾನದಲ್ಲಿಯೋ ಅವಕಾಶ ದೊರೆತ ಬೇರೊಂದು ಉದ್ಯಾನದಲ್ಲಿಯೋ, ಚೆನ್ನೈಯ ಕನ್ನಡ ಸಂಘಗಳೆಲ್ಲ ಸೇರಿ ಒಂದು ಯಕ್ಷಗಾನ ಬಯಲಾಟವನ್ನು ಆಡಿಸಬೇಕು. ಟಿಕೆಟು ಬೇಡ, ಆಹ್ವಾನಪತ್ರಿಕೆ ಬೇಡ, ಮೀಸಲು ಕುರ್ಚಿಗಳ ಸಾಲೂ ಬೇಡ.

ಸಂಘಗಳು ಯಕ್ಷಗಾನವನ್ನು ಆಡಿಸುತ್ತಲೇ ಇಲ್ಲವೇ ಎಂದು ಕೆಲವರು ಕೇಳಬಹುದು. ಆಡಿಸುತ್ತವೆ, ನಿಜ. ಆದರೆ ಬಾಡಿಗೆಯ ಸಭಾಂಗಣದಲ್ಲಿ, ಸದಸ್ಯರಿಗೂ ಅವರ ಬಂಧುಗಳಿಗೂ. ಸಭಾಂಗಣಕ್ಕೆ ಬರುವವನು ಕನ್ನಡಿಗನೆಂದು ಮೊದಲೇ ತೀರ್ಮಾನವಾಗಿರುತ್ತದೆ. ಪಕ್ಕದ ಮನೆಯ ತಮಿಳು ಕುಟುಂಬಕ್ಕೆ ಅಲ್ಲಿ ಏನು ನಡೆಯಿತೆಂಬುದು ತಿಳಿಯುವುದೇ ಇಲ್ಲ. ನಮ್ಮ ಮೂರನೆಯ ತಲೆಮಾರಿನ ಮಕ್ಕಳಿಗೆ ಅದು ಹಿರಿಯರ ಒತ್ತಾಯಕ್ಕೆ ಸಲ್ಲಿಸಬೇಕಾದ ಒಂದು ಹಾಜರಿ. ಬಯಲಾಟ ಹುಟ್ಟಿದ್ದು ಇದಕ್ಕೆ ವಿರುದ್ಧವಾದ ಭಾವದಿಂದ. ಸಂಜೆಯ ಹೊತ್ತು ಚೆಂಡೆ ಬಡಿದು 'ಕೇಳಿ' ಹೊಡೆಯುತ್ತಿದ್ದುದು ಯಾರನ್ನೂ ಹೆಸರು ಹಿಡಿದು ಕರೆಯಲಿಕ್ಕಲ್ಲ; ಕಿವಿಗೆ ಬಿದ್ದವರೆಲ್ಲ ಬರಲಿ ಎಂದು. ಕರೆಯದೆ ಬಂದವನಿಗೂ ಸ್ಥಳವಿರುವ ಕಲೆ ಅದು. ಹೊರನಾಡಿನಲ್ಲಿ ನೆಲೆಸಿರುವ ನಮಗೆ ಈ ಗುಣಕ್ಕಿಂತ ಬೆಲೆಬಾಳುವುದು ಮತ್ತೊಂದಿಲ್ಲ.

ಕರಾವಳಿಯಲ್ಲಿ ಇಂದಿಗೂ ಉಳಿದು ಬಂದಿರುವ ಹರಕೆಯಾಟದ ಪದ್ಧತಿಯನ್ನು ಗಮನಿಸಿರಿ. ಮಂದಾರ್ತಿ, ಕಟೀಲು, ಧರ್ಮಸ್ಥಳಗಳ ಮೇಳಗಳ ಆಟದ ವೆಚ್ಚವನ್ನು ಹರಕೆ ಹೊತ್ತ ಒಂದು ಮನೆಯವರೋ ಒಂದು ಊರಿನವರೋ ಭರಿಸುತ್ತಾರೆ. ನೋಡುವವರು ಮಾತ್ರ ಊರವರೆಲ್ಲರೂ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಡೇರೆ ಮೇಳಗಳು ಬಂದು ಟಿಕೆಟಿನ ಆಟಗಳು ಜನಪ್ರಿಯವಾದವು. ಆದರೂ ಬಯಲಾಟದ ಮೇಳಗಳು ಅಳಿಯಲಿಲ್ಲ. ಕೆಲವು ಮೇಳಗಳ ಆಟಕ್ಕಾಗಿ ಭಕ್ತರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಒಬ್ಬನ ಖರ್ಚು, ಊರಿಗೆಲ್ಲ ಆಟ ಎಂಬ ಈ ಲೆಕ್ಕಾಚಾರ ನಮ್ಮ ಸಂಘಗಳಿಗೂ ಒಪ್ಪುವಂಥದು. ಸಭಾಂಗಣದ ಬಾಡಿಗೆಗೆ ಸುರಿಯುವ ಹಣ ಕಲಾವಿದರ ಸಂಭಾವನೆಗೆ ಸಲ್ಲಲಿ. ಅವರ ಪ್ರಯಾಣಕ್ಕೆ ಮಂಗಳೂರಿನಿಂದ ಕಾಸರಗೋಡಿನ ಮೇಲೆ ಹಾದುಬರುವ ರೈಲಿದೆ.

ಕಾಸರಗೋಡಿನ ಹೆಸರು ಬಂದಾಗ ಒಂದು ಮಾತು. ರಾಮಾಯಣದ ಪ್ರಸಂಗಗಳಿಂದ ಪ್ರಸಿದ್ಧನಾದ ಪಾರ್ತಿಸುಬ್ಬ ಕುಂಬಳೆ ಸೀಮೆಯವನು. 1956ರಲ್ಲಿ ಆ ಸೀಮೆ ಕೇರಳಕ್ಕೆ ಸೇರಿತು. ಅಲ್ಲಿಯ ಆಟಗಳು ನಿಲ್ಲಲಿಲ್ಲ. ಆಡಳಿತದ ಗಡಿ ಬದಲಾದರೂ ಬಯಲಿನ ಕಲೆ ಉಳಿಯಬಲ್ಲದೆಂಬುದಕ್ಕೆ ನಮಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ತಮಿಳರಿಗೆ ನಮ್ಮ ಆಟ ಅರ್ಥವಾದೀತೆ ಎಂಬುದು ಎರಡನೆಯ ಸಂದೇಹ. ಕಾಂಚೀಪುರದ ಸುತ್ತಲಿನ ಹಳ್ಳಿಗಳಲ್ಲಿ ದ್ರೌಪದಿ ಅಮ್ಮನ ಉತ್ಸವಕ್ಕೆ ರಾತ್ರಿಯಿಡೀ ತೆರುಕ್ಕೂತ್ತು ನೋಡುವ ಜನರಿಗೆ ಕಿರೀಟ, ಭುಜಕೀರ್ತಿ, ಮುಖವರ್ಣಿಕೆಗಳು ಅಪರಿಚಿತವಲ್ಲ; ಪಾಂಡವರ ಕಥೆಯಂತೂ ಅಲ್ಲವೇ ಅಲ್ಲ. ಅವರ ಕಟ್ಟಿಯಕಾರನೂ ನಮ್ಮ ಹಾಸ್ಯಗಾರನೂ ದಾಯಾದಿಗಳು. ಮೇಲಾಗಿ ಯಕ್ಷಗಾನದಲ್ಲಿ ಪದ್ಯ ಕವಿಯದು, ಅರ್ಥ ಪಾತ್ರಧಾರಿಯದು. ಮಾತು ಆಶುವಾಗಿ ಹುಟ್ಟುವುದರಿಂದ ಹಾಸ್ಯಗಾರನು ನಡುನಡುವೆ ತಮಿಳಿನಲ್ಲಿ ಕಥೆಯ ಎಳೆಯನ್ನು ಹೇಳಿದರೆ ಆಟಕ್ಕೆ ಭಂಗವಾಗದು. ಪರಭಾಷೆಯ ನಾಟಕದಿಂದ ಸ್ಫೂರ್ತಿ ಪಡೆಯುವುದು ಈ ನಗರಕ್ಕೆ ಹೊಸತೂ ಅಲ್ಲ. ಬಳ್ಳಾರಿಯ ಸರಸ ವಿನೋದಿನಿ ಸಭೆಯವರು ಇಲ್ಲಿಯ ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ಆಡಿದ ತೆಲುಗು ನಾಟಕಗಳನ್ನು ಕಂಡೇ ಪಮ್ಮಲ್ ಸಂಬಂಧ ಮೊದಲಿಯಾರರು 1891ರಲ್ಲಿ ಸುಗುಣ ವಿಲಾಸ ಸಭೆಯನ್ನು ಕಟ್ಟಿ, ಆಧುನಿಕ ತಮಿಳು ರಂಗಭೂಮಿಗೆ ತಳಪಾಯ ಹಾಕಿದರು.

ಮೂರನೆಯದು, ಕಲೆಯ ಘನತೆಯ ಪ್ರಶ್ನೆ. ಮಕ್ಕಳು ಓಡಾಡುವ, ಕಡಲೆಕಾಯಿ ಮಾರುವ ಜಾಗದಲ್ಲಿ ಶಾಸ್ತ್ರೀಯ ಕಲೆ ಹಗುರಾಗದೇ ಎಂಬ ಆತಂಕ. ಶಿವರಾಮ ಕಾರಂತರಿಗೆ 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ತಂದ ಗ್ರಂಥದ ಹೆಸರೇ 'ಯಕ್ಷಗಾನ ಬಯಲಾಟ'. ಶಾಸ್ತ್ರ ಇರುವುದು ಭಾಗವತನ ತಾಳದಲ್ಲಿ, ವೇಷಧಾರಿಯ ಹೆಜ್ಜೆಯಲ್ಲಿ, ಹವಾನಿಯಂತ್ರಿತ ಗೋಡೆಗಳಲ್ಲಲ್ಲ. ಸಂಗೀತದಲ್ಲಿ ಚೆನ್ನೈ ಇದನ್ನು ಈಗಾಗಲೇ ತೋರಿಸಿದೆ. ಮೈಲಾಪುರದ ನಾಗೇಶ್ವರರಾವ್ ಉದ್ಯಾನದಲ್ಲಿ ಭಾನುವಾರದ ಮುಂಜಾನೆ ಧ್ವನಿವರ್ಧಕವಿಲ್ಲದೆ ಎಳೆಯರ ಕಚೇರಿಗಳು ನಡೆದುಬಂದಿವೆ. 2015ರಲ್ಲಿ ಊರೂರು ಆಲ್ಕಾಟ್ ಕುಪ್ಪಂ ಎಂಬ ಮೀನುಗಾರರ ಕೇರಿಯಲ್ಲಿ ಆರಂಭವಾದ ಉತ್ಸವ, ಸಭೆಗಳ ಹೊಸ್ತಿಲು ತುಳಿಯದಿದ್ದ ಜನರ ನಡುವೆ ಕರ್ನಾಟಕ ಸಂಗೀತವನ್ನು ತಂದಿತು.

ಉದ್ಯಾನ ನಮ್ಮೊಬ್ಬರದಲ್ಲ ಎಂಬ ಆಕ್ಷೇಪವನ್ನು ಮಾತ್ರ ಗೌರವದಿಂದ ಆಲಿಸಬೇಕು. ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಪ್ ಅವರು ಶೇಕ್ಸ್‌ಪಿಯರನ ನಾಟಕಗಳನ್ನು ಉಚಿತವಾಗಿ ಆಡಿಸುತ್ತಿದ್ದಾಗ, ಹುಲ್ಲು ಹಾಳಾಗುತ್ತದೆ, ಪ್ರೇಕ್ಷಕರಿಂದ ಶುಲ್ಕ ವಸೂಲು ಮಾಡಿರಿ ಎಂದು 1959ರಲ್ಲಿ ಉದ್ಯಾನಗಳ ಅಧಿಕಾರಿ ರಾಬರ್ಟ್ ಮೋಸೆಸ್ ಹಟ ಹಿಡಿದರು. ಪ್ಯಾಪ್ ನ್ಯಾಯಾಲಯಕ್ಕೆ ಹೋಗಿ ಗೆದ್ದರು; 1962ರಲ್ಲಿ ಅದೇ ಉದ್ಯಾನದಲ್ಲಿ ಬಯಲು ರಂಗಮಂದಿರವೇ ಎದ್ದಿತು. ಉಚಿತ ಪ್ರವೇಶದ ತತ್ತ್ವವನ್ನು ಅವರಿಂದ ಕಲಿಯೋಣ. ಹುಲ್ಲಿನ ಚಿಂತೆಯನ್ನೂ ಮರೆಯದಿರೋಣ. ವರ್ಷಕ್ಕೆ ಒಂದೇ ಸಂಜೆ ಸಾಕು. ಮಹಾನಗರಪಾಲಿಕೆಯ ಅನುಮತಿ ಪಡೆದು ಐದೂವರೆಗೆ ಆರಂಭಿಸಿ ಒಂಬತ್ತಕ್ಕೆ ಮಂಗಳ ಹಾಡೋಣ; ರಾತ್ರಿ ಹತ್ತರ ಬಳಿಕ ಬಯಲಿನಲ್ಲಿ ಧ್ವನಿವರ್ಧಕ ಬಳಸದಂತೆ 2000ದ ಶಬ್ದಮಾಲಿನ್ಯ ನಿಯಮಗಳು ತಡೆಯುತ್ತವೆ. ಮರುದಿನ ಬೆಳಿಗ್ಗೆ ನಡೆದಾಡಲು ಬರುವವರಿಗೆ ಒಂದು ಎಲೆಯೂ ಒಂದು ಲೋಟವೂ ಕಾಣಿಸಬಾರದು. ರಾಜ್ಯೋತ್ಸವದ ನವೆಂಬರಿನಲ್ಲಿ ಇಲ್ಲಿ ಈಶಾನ್ಯ ಮಾರುತದ ಮಳೆ. ಫೆಬ್ರವರಿಯಲ್ಲಿ ಆಕಾಶ ತಿಳಿಯಾಗಿರುತ್ತದೆ, ಕರಾವಳಿಯ ಮೇಳಗಳಿಗೂ ಅದು ತಿರುಗಾಟದ ಕಾಲ.

ಕೊನೆಯ ಅಂಜಿಕೆಯನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. 1991ರಲ್ಲಿ ಬೆಂಗಳೂರಿನ ತಮಿಳರು ಪಟ್ಟ ಪಾಡನ್ನೂ, 2016ರ ಸೆಪ್ಟೆಂಬರಿನಲ್ಲಿ ಇಲ್ಲಿಯ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ನಡೆದ ದಾಳಿಯನ್ನೂ ಬಲ್ಲ ನಾವು, ಕಾವೇರಿ ಕದಡಿದಾಗಲೆಲ್ಲ ಬಾಗಿಲು ಹಾಕಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದೇವೆ. ಇದು ವಿವೇಕವೇ ಇರಬಹುದು. ಆದರೆ ಮುಚ್ಚಿದ ಬಾಗಿಲ ಹಿಂದಿನ ನೆರೆಯವನನ್ನು ಕೆಟ್ಟ ಕಾಲದಲ್ಲಿ ಗುರುತಿಸುವವರು ಯಾರು? ತನ್ನ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮ ಭೀಮನನ್ನೋ ಕೃಷ್ಣನನ್ನೋ ಒಂದು ಸಂಜೆ ಕಂಡವನು, ಉದ್ರೇಕದ ದಿನಗಳಲ್ಲಿ ಕಲ್ಲೆತ್ತುವ ಮುನ್ನ ಒಂದು ಕ್ಷಣವಾದರೂ ಯೋಚಿಸಿಯಾನು. ಇದಕ್ಕೆ ಖಾತರಿಯಿಲ್ಲ; ಸಭಾಂಗಣದಲ್ಲಿ ಕುಳಿತವರಿಗಂತೂ ಆ ಅವಕಾಶವೂ ಇಲ್ಲ.

ನಮ್ಮ ಮಕ್ಕಳ ವಿಷಯವೂ ಇದೇ. ಅವರಲ್ಲಿ ಅನೇಕರು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲಾರರು. ಈ ಪತ್ರಿಕೆಯ ಪುಟಗಳು ಅವರ ಪಾಲಿಗೆ ಮುಚ್ಚಿವೆ. ಬಯಲಾಟವನ್ನು ನೋಡಲು ಅಕ್ಷರ ಬೇಕಿಲ್ಲ, ಕಿವಿ ಸಾಕು. ಶಾಲೆಯ ತಮಿಳು ಗೆಳೆಯನನ್ನು ಕರೆತಂದು, ಆತನಿಗೆ ಕಥೆಯನ್ನು ವಿವರಿಸುವ ಹೊಣೆ ಬಿದ್ದಾಗ, ಮಗು ತನ್ನ ಭಾಷೆಯ ವಾರಸುದಾರನಾಗುತ್ತದೆ. ಸಂಘಗಳ ಕಾರ್ಯಕಾರಿ ಸಮಿತಿಗಳು ಮುಂದಿನ ವರ್ಷದ ಕಾರ್ಯಕ್ರಮಗಳನ್ನು ಗೊತ್ತುಪಡಿಸುವಾಗ ಈ ಒಂದು ಸಂಜೆಯನ್ನು ಪಟ್ಟಿಯಲ್ಲಿ ಸೇರಿಸಲಿ. ಚೆಂಡೆಯ ಸದ್ದು ಈ ಸಲ ಬೀದಿಗೆ ಕೇಳಿಸಲಿ.