ಗೆದ್ದವರು ಯಾರು?

ನಮ್ಮ ಬೀದಿಯ ನಲ್ಲಿಗೆ ನೀರು ಬಂದು ಎಂಟು ದಿನವಾಗಿತ್ತು. ಪುರಸಭಾ ಸದಸ್ಯೆಯ ಮನೆಗೆ ಹೋದೆ. "ಮನೆಯವರು ಹೊರಗೆ ಹೋಗಿದ್ದಾರೆ, ಸಂಜೆ ಬನ್ನಿ" ಎಂದರು. ಗೆದ್ದವರು ನೀವಲ್ಲವೇ ಎಂದರೆ ಸುಮ್ಮನೆ ನಕ್ಕರು.

1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರು, ಬಹುಪಾಲು ಉತ್ತರ ಭಾರತದವರು, ಮತದಾರರ ಪಟ್ಟಿಯಿಂದ ಹೊರಗುಳಿದರು. ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಪುರಸಭೆಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಸ್ಥಾನವನ್ನು ನಮಗೆ ಮೀಸಲಿಟ್ಟಿತು. ಈಗ ಪಟ್ಟಿಯಲ್ಲಿ ಹೆಸರಿದೆ, ಕುರ್ಚಿಯೂ ಇದೆ. ದನಿ ಮಾತ್ರ ಇನ್ನೂ ಮನೆಯವರದು.

ತಪ್ಪು ಆಕೆಯದಷ್ಟೇ ಅಲ್ಲ. ಸಂಜೆ ಹೋಗಿ ಆತನ ಕೈಗೇ ಅರ್ಜಿ ಕೊಟ್ಟು ಬಂದವಳು ನಾನು. ಮತ ಹಾಕಿದಲ್ಲಿಗೆ ಪೌರತ್ವ ಮುಗಿಯದು. ಇನ್ನು ಮುಂದೆ ಆಕೆಗೇ ಕೊಡೋಣ, ಆಕೆಯನ್ನೇ ಕೇಳೋಣ.