ಹಣೆಬರಹವಲ್ಲ, ಗುರುತ್ವಕೇಂದ್ರ

ಟ್ರ್ಯಾಕ್ಟರ್ ಅಪಘಾತದಲ್ಲಿ ರೈತನೊಬ್ಬ ಸತ್ತಾಗಲೆಲ್ಲ ನಾವು ಎರಡು ಮಾತುಗಳಲ್ಲಿ ವಿಷಯವನ್ನು ಮುಗಿಸಿಬಿಡುತ್ತೇವೆ: ಒಂದು ‘ಚಾಲಕನ ಅಜಾಗರೂಕತೆ’, ಇನ್ನೊಂದು ‘ಹಣೆಬರಹ’. ಈ ಎರಡಕ್ಕೂ ನನ್ನ ತಕರಾರಿದೆ. ಶಾಲೆಯಲ್ಲಿ ವರ್ಷವರ್ಷವೂ ಗುರುತ್ವಕೇಂದ್ರದ ಪಾಠ ಮಾಡಿದ ನನಗೆ, ಇಂಥ ಅನೇಕ ಸಾವುಗಳ ಕಾರಣ ಆ ಪಾಠದಲ್ಲಿಯೇ ಇದೆಯೆಂದು ತೋರುತ್ತದೆ.

ಅಮೆರಿಕದ ಉದಾಹರಣೆಯನ್ನೇ ನೋಡೋಣ. 1971ರಲ್ಲಿ ಅಯೋವಾ ರಾಜ್ಯದ ವರ್ಮೀರ್ ಕಂಪನಿ ಒಣಹುಲ್ಲನ್ನು ದೊಡ್ಡ ದುಂಡು ಸುರುಳಿಯಾಗಿ ಸುತ್ತುವ ಯಂತ್ರವನ್ನು ಹೊರತಂದಿತು. ಹಲವು ಆಳುಗಳ ಕೆಲಸ ಒಬ್ಬನ ಕೈಗೆ ಬಂತು. ಆದರೆ ಅಂಥ ಸುರುಳಿಯ ತೂಕ ಸಾಮಾನ್ಯವಾಗಿ 450ರಿಂದ 900 ಕಿಲೋ. ಅದನ್ನು ಟ್ರ್ಯಾಕ್ಟರಿನ ಮುಂದಿರುವ ಲೋಡರ್ ತೋಳುಗಳೇ ಎತ್ತಬೇಕು. ಮಣ್ಣೆತ್ತುವ ಬಕೆಟ್ಟಿನಲ್ಲಿಟ್ಟು ಮೇಲಕ್ಕೆತ್ತಿದರೆ, ಸುರುಳಿ ಆ ತೋಳುಗಳ ಮೇಲೆಯೇ ಹಿಂದಕ್ಕುರುಳಿ ಚಾಲಕನ ಮೇಲೆ ಬೀಳಬಹುದು. ಎತ್ತಿ ಹಿಡಿದೇ ಓಡಿಸಿದರೆ ಗುರುತ್ವಕೇಂದ್ರ ಮೇಲೇರುತ್ತದೆ. ಆಗ ಒಂದು ಚಕ್ರ ಗುಂಡಿಗಿಳಿದರೂ ಟ್ರ್ಯಾಕ್ಟರ್ ಪಕ್ಕಕ್ಕೆ ಮಗುಚಬಹುದು. ಹಿಂಬದಿಗೆ ಪ್ರತಿಭಾರವಿಲ್ಲದಿದ್ದರೆ ಹಿಂದಿನ ಚಕ್ರಗಳ ಹಿಡಿತವೂ ಸಡಿಲುತ್ತದೆ.

ಪರಿಹಾರಗಳು ಗುಟ್ಟೇನಲ್ಲ. ಸುರುಳಿಯನ್ನು ಚುಚ್ಚಿ ಹಿಡಿಯುವ ಈಟಿಯಂಥ ಸಲಾಕೆ ಅಥವಾ ಅಪ್ಪಿ ಹಿಡಿಯುವ ಕೊಕ್ಕೆ, ಹಿಂದೆ ಪ್ರತಿಭಾರ, ಚಾಲಕನಿಗೆ ರಕ್ಷಣಾ ಚೌಕಟ್ಟು ಮತ್ತು ಸೀಟುಬೆಲ್ಟು ಇರಬೇಕು. ಸಾಗಿಸುವಾಗ ಹೊರೆ ನೆಲಕ್ಕೆ ಸಮೀಪವಿರಬೇಕು, ವೇಗ ಕಡಿಮೆಯಿರಬೇಕು. ಚೌಕಟ್ಟು ಮಗುಚಿದಾಗ ಕಾಯುತ್ತದೆಯೇ ಹೊರತು, ಉರುಳಿ ಬರುವ ಸುರುಳಿಯನ್ನು ತಡೆಯುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಒಂದಿದ್ದರೆ ಇನ್ನೊಂದು ಬೇಡವೆನ್ನುವಂತಿಲ್ಲ.

ಸ್ವೀಡನ್ 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಇಂಥ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಮುಂದಿನ ದಶಕಗಳಲ್ಲಿ ಅಲ್ಲಿ ಟ್ರ್ಯಾಕ್ಟರ್ ಮಗುಚಿ ಸಾಯುವವರ ಸಂಖ್ಯೆ ಬಹಳವಾಗಿ ಇಳಿಯಿತು. ಆ ರೈತರ ಹಣೆಬರಹವನ್ನು ಬ್ರಹ್ಮ ತಿದ್ದಿದನೆ? ಕಾನೂನು ತಿದ್ದಿತು.

‘ಮೂವತ್ತು ವರ್ಷದಿಂದ ಬಕೆಟ್ಟಿನಲ್ಲೇ ಎತ್ತಿದ್ದೇನೆ, ಏನೂ ಆಗಿಲ್ಲ, ಪ್ರಾಣ ನನ್ನದು ತಾನೆ?’ ಎನ್ನುವವರಿದ್ದಾರೆ. ಪ್ರಾಣ ಅವರೊಬ್ಬರದೇ ಅಲ್ಲ. 2010ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ, ಇಳಿಜಾರಿನ ಹೊಲದಿಂದ ಉರುಳಿದ ಸುಮಾರು 600 ಕಿಲೋ ತೂಕದ ಸುರುಳಿಯೊಂದು ರಸ್ತೆಯಲ್ಲಿ ಹೋಗುತ್ತಿದ್ದ ವ್ಯಾನಿನ ಮೇಲೆ ಬಿತ್ತು. ಒಳಗಿದ್ದ ಮೈಕ್ ಎಡ್ವರ್ಡ್ಸ್ ಎಂಬ ಪ್ರಸಿದ್ಧ ಚೆಲ್ಲೋ ವಾದಕ ತೀರಿಕೊಂಡರು. ಆ ಹುಲ್ಲಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ.

ನಮ್ಮ ಭತ್ತದ ಸೀಮೆಗೂ ಹುಲ್ಲು ಸುತ್ತುವ ಯಂತ್ರಗಳು ಬಂದಿವೆ. ಇಲ್ಲಿ ಸಾಮಾನ್ಯವಾಗಿ ಕಾಣುವ ಸುರುಳಿಗಳನ್ನು ಆಳೊಬ್ಬ ಎತ್ತಬಲ್ಲ, ನಿಜ. ಆದರೆ ಅವುಗಳನ್ನು ಆಳೆತ್ತರಕ್ಕೂ ಮೀರಿ ಪೇರಿಸಿಕೊಂಡು ಸಾಗುವ ಟ್ರ್ಯಾಕ್ಟರುಗಳಲ್ಲಿ ಆ ಚೌಕಟ್ಟನ್ನು ನಾನು ಕಾಣುವುದೇ ಅಪರೂಪ. ಯಂತ್ರಕ್ಕೆ ಸಹಾಯಧನ ಕೊಡುವ ಸರ್ಕಾರ, ರಕ್ಷಣೆಯ ಸಲಕರಣೆಯನ್ನೂ ತರಬೇತಿಯನ್ನೂ ಅದರ ಜೊತೆಗೇ ಕಡ್ಡಾಯ ಮಾಡಬೇಕು. ‘ಜಾಗರೂಕರಾಗಿರಿ’ ಎಂದು ರೈತನಿಗೆ ಉಪದೇಶಿಸುವುದು ನಮಗೆಲ್ಲ ಇಷ್ಟ. ಅದಕ್ಕೆ ಕಾಸು ಖರ್ಚಿಲ್ಲ.