ಪ್ರಭುತ್ವದ ಮಾತು

2016ರ ಜೂನ್ 12ರಂದು ಅಮೆರಿಕದ ಆರ್ಲ್ಯಾಂಡೊ ನಗರದ ನೃತ್ಯಶಾಲೆಯೊಂದರಲ್ಲಿ 49 ಮಂದಿಯನ್ನು ಕೊಂದ ಹಂತಕನು, ಆ ಹತ್ಯಾಕಾಂಡದ ನಡುವೆಯೇ ದೂರವಾಣಿಯಲ್ಲಿ ಐಸಿಸ್ ನಾಯಕನಿಗೆ ತನ್ನ ನಿಷ್ಠೆಯನ್ನು ಸಾರಿದನು. ಶವಗಳಿನ್ನೂ ಮಣ್ಣು ಸೇರಿರಲಿಲ್ಲ. ಅಷ್ಟರಲ್ಲಿಯೇ, ಅಧ್ಯಕ್ಷ ಒಬಾಮಾ ‘ರ‍್ಯಾಡಿಕಲ್ ಇಸ್ಲಾಂ’ ಎಂಬ ಮಾತನ್ನು ಉಚ್ಚರಿಸದಿದ್ದುದೇ ಮಹಾಪರಾಧವೆಂದೂ, ಅದಕ್ಕಾಗಿ ಅವರು ಪದತ್ಯಾಗ ಮಾಡತಕ್ಕದ್ದೆಂದೂ ಚುನಾವಣಾ ಕಣದಲ್ಲಿದ್ದ ಡೊನಾಲ್ಡ್ ಟ್ರಂಪ್ ಘೋಷಿಸಿದರು. ಎರಡು ದಿನಗಳ ತರುವಾಯ ಒಬಾಮಾ ಕೇಳಿದ ಪ್ರಶ್ನೆ ಸರಳವಾದುದು: ಆ ಹೆಸರನ್ನು ನುಡಿದ ಮಾತ್ರಕ್ಕೆ ಸಾಧಿತವಾಗುವುದೇನು?

ಈ ವಿವಾದದಲ್ಲಿ ನ್ಯಾಯವು ಬಹುಮಟ್ಟಿಗೆ ಒಬಾಮಾ ಅವರ ಕಡೆಗಿದೆಯೆಂದೇ ನನ್ನ ನಂಬಿಕೆ. ಸಾಮಾನ್ಯನ ಮಾತು ಅಭಿಪ್ರಾಯವಷ್ಟೇ ಆದರೆ ಪ್ರಭುತ್ವದ ಮಾತು ಆಜ್ಞೆಗೆ ಸಮೀಪವಾದುದು. ವಿಮಾನನಿಲ್ದಾಣದ ತಪಾಸಣಾಧಿಕಾರಿಯೂ, ಶಾಲೆಯ ಉಪಾಧ್ಯಾಯನೂ, ನೆರೆಮನೆಯವನೂ ತಮ್ಮ ವರ್ತನೆಗೆ ಅದರಿಂದ ಅನುಮತಿ ಪಡೆಯುತ್ತಾರೆ. ಇದನ್ನರಿತೇ ಅಂದಿನ ಅಧ್ಯಕ್ಷ ಜಾರ್ಜ್ ಬುಷ್, 2001ರ ಸೆಪ್ಟೆಂಬರ್ ದುರಂತವಾಗಿ ಆರು ದಿನ ಕಳೆಯುತ್ತಲೇ, ವಾಷಿಂಗ್ಟನ್ನಿನ ಇಸ್ಲಾಮಿಕ್ ಕೇಂದ್ರಕ್ಕೆ ಹೋಗಿ, ಇಸ್ಲಾಂ ಎಂದರೆ ಶಾಂತಿಯೆಂದು ಸಾರಿದರು. ಅವರೇ 2006ರಲ್ಲಿ ‘ಇಸ್ಲಾಮಿಕ್ ಫ್ಯಾಸಿಸ್ಟ್’ ಎಂಬ ಮಾತನ್ನಾಡಿದಾಗ ಅಮೆರಿಕದ ಮುಸಲ್ಮಾನರು ನೊಂದು ಪ್ರತಿಭಟಿಸಿದುದು ಸಹಜವೇ. ಟ್ರಂಪ್ ಅವರಾದರೂ, ಅಧ್ಯಕ್ಷರಾದ ಮೇಲೆ 2017ರ ಮೇ ತಿಂಗಳಲ್ಲಿ ರಿಯಾದಿನಲ್ಲಿ ಮುಸ್ಲಿಂ ರಾಷ್ಟ್ರನಾಯಕರೆದುರು ಉಗ್ರವಾದವನ್ನು ಖಂಡಿಸಿ, ಇದು ಮತಮತಗಳ ನಡುವಣ ಸಮರವಲ್ಲವೆಂದರೇ ಹೊರತು, ‘ರ‍್ಯಾಡಿಕಲ್ ಇಸ್ಲಾಮಿಕ್ ಟೆರರಿಸಂ’ ಎಂಬ ತಮ್ಮ ಪ್ರಚಾರದ ಮಂತ್ರವನ್ನು ಅಲ್ಲಿ ಉಚ್ಚರಿಸಲಿಲ್ಲ. ಸಮಸ್ತ ಮುಸಲ್ಮಾನರಿಗೂ ತಾನೇ ಒಡೆಯನೆನ್ನುವುದು ಐಸಿಸ್‌ನ ಹೆಬ್ಬಯಕೆ. ಅದರ ಶತ್ರುವೇ ಆ ಪದವಿಯನ್ನು ಅದಕ್ಕೆ ಒಪ್ಪಿಸುವುದು ಎಂತಹ ಅವಿವೇಕ!

ಆದರೆ ಒಬಾಮಾ ಸರ್ಕಾರವು ಆಶ್ರಯಿಸಿದ ‘ಹಿಂಸಾತ್ಮಕ ಉಗ್ರವಾದ’ವೆಂಬ ಅಸ್ಪಷ್ಟ ನಾಮವೂ ನನಗೆ ಸಮ್ಮತವಲ್ಲ. ಐಸಿಸ್ ಧರ್ಮಗ್ರಂಥವನ್ನು ಉದ್ಧರಿಸಿಯೇ ತನ್ನ ಕ್ರೌರ್ಯವನ್ನು ಸಮರ್ಥಿಸಿಕೊಂಡಿತಾದುದರಿಂದ, ಧರ್ಮದ ಪ್ರಸ್ತಾಪವನ್ನೇ ಎತ್ತಕೂಡದೆನ್ನುವುದು ಸತ್ಯಕ್ಕೆ ಮಾಡುವ ಅಪಚಾರ. ಅದಕ್ಕಿಂತ ಮಿಗಿಲಾಗಿ, ಆ ಧರ್ಮದೊಳಗೇ ನಿಂತು ಹೋರಾಡುವವರಿಗೆ ಮಾಡುವ ಅನ್ಯಾಯ. ಸಂಘಟನೆಯನ್ನು, ಅದರ ನಾಯಕನನ್ನು, ಅವನ ವಾದವನ್ನು ಹೆಸರು ಹಿಡಿದು ಹೇಳಬೇಕು. ಸಮುದಾಯವನ್ನು ಅದರೊಡನೆ ಕಟ್ಟಬಾರದು. 2014ರ ಸೆಪ್ಟೆಂಬರಿನಲ್ಲಿ 120ಕ್ಕೂ ಹೆಚ್ಚು ಮುಸ್ಲಿಂ ವಿದ್ವಾಂಸರು ಐಸಿಸ್ ನಾಯಕ ಬಾಗ್ದಾದಿಗೆ ಬರೆದ ಬಹಿರಂಗ ಪತ್ರದಲ್ಲಿ ಈ ಕಾರ್ಯವು ಯಾವ ಸಂಕೋಚವೂ ಇಲ್ಲದೆ ನಡೆದಿದೆ: ನಿರಪರಾಧಿಗಳ ವಧೆ ನಿಷಿದ್ಧ, ಪತ್ರಕರ್ತರ ಹತ್ಯೆ ನಿಷಿದ್ಧ, ದಾಸ್ಯವನ್ನು ಮರಳಿ ತರುವುದು ನಿಷಿದ್ಧವೆಂದು ಅವರು, ಅವನು ಮುಂದೊಡ್ಡಿದ ಆ ಶಾಸ್ತ್ರದ ಆಧಾರದಿಂದಲೇ, ಒಂದೊಂದಾಗಿ ಖಂಡಿಸಿ ಬರೆದರು.